ಎರಡು ಅಂಗುಲದ ಮೆತ್ತೆ

ಮೂರನೆಯ ದರ್ಜೆಯ ಬೋಗಿಯಲ್ಲಿ ಹೋಲ್ಡಾಲು ಬಿಚ್ಚಿ, ಮರದ ಹಲಗೆಯ ಮೇಲೆ ಜಮಖಾನೆ ಹಾಸಿ, ನೀರಿನ ಕೂಜವನ್ನು ಕೈಗೆಟುಕುವಂತೆ ಇರಿಸಿಕೊಂಡು ಮಲಗಿದ ಗೃಹಸ್ಥನಿಗೆ ನಿದ್ರೆ ಬರುತ್ತಿದ್ದುದು ಅಪರೂಪ. ಬೆಳಗ್ಗೆ ಊರು ಬಂದಾಗ ಬೆನ್ನಿನ ಮೇಲೆ ಹಲಗೆಯ ಗೆರೆಗಳು ಮೂಡಿರುತ್ತಿದ್ದವು. ಹಿರಿಯ ತಲೆಮಾರಿಗೆ ದೂರಪ್ರಯಾಣವೆಂದರೆ ಇದೇ ನೆನಪು.

1969ರಲ್ಲಿ ದೆಹಲಿ–ಹೌರಾ ನಡುವೆ ರಾಜಧಾನಿ ಎಕ್ಸ್‌ಪ್ರೆಸ್ ಓಡತೊಡಗಿತು. ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತಿದ್ದ ಪ್ರಯಾಣ ಸುಮಾರು 17 ಗಂಟೆಗೆ ಇಳಿಯಿತು. ದೇಶ ಹೆಮ್ಮೆಪಟ್ಟಿತು. ಆದರೆ ಆ ತಂಪು ಬೋಗಿಗಳನ್ನು ಹತ್ತುವ ಶಕ್ತಿ ಎಷ್ಟು ಮಂದಿಗಿತ್ತು? 1974ರಲ್ಲಿ ಮೂರನೆಯ ದರ್ಜೆಯೂ ರದ್ದಾಯಿತು. ಆದರೇನು, ಮೂರು ಎಂದಿದ್ದಲ್ಲಿ ಎರಡು ಎಂದು ಬರೆದ ಮಾತ್ರಕ್ಕೆ ಹಲಗೆ ಮೆತ್ತಗಾದೀತೆ?

ಅದನ್ನು ಮೆತ್ತಗಾಗಿಸಿದವರು 1977ರಲ್ಲಿ ರೈಲ್ವೆ ಮಂತ್ರಿಗಳಾದ ಮಧು ದಂಡವತೆ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಈ ಸಮಾಜವಾದಿಯು ಎರಡನೆಯ ದರ್ಜೆಯ ಮಲಗುವ ಹಲಗೆಗಳಿಗೆ ಎರಡು ಅಂಗುಲ ದಪ್ಪದ ಮೆತ್ತೆ ಹೊದಿಸುವ ಏರ್ಪಾಡು ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಹೌರಾ–ಮುಂಬಯಿ ನಡುವೆ ಆರಂಭವಾದ ಗೀತಾಂಜಲಿ ಎಕ್ಸ್‌ಪ್ರೆಸ್‌ನಲ್ಲಿ ಮೇಲುದರ್ಜೆ ಎಂಬುದೇ ಇರಲಿಲ್ಲ. ಇಂದು ಸ್ಲೀಪರ್ ಬೋಗಿಯಲ್ಲಿ ಮಲಗಿ ನಿದ್ರಿಸುವ ಕೋಟ್ಯಂತರ ಜನರಲ್ಲಿ ಆ ಮೆತ್ತೆ ಎಲ್ಲಿಂದ ಬಂತೆಂದು ಬಲ್ಲವರು ಕೆಲವರೇ.

ಹಾದಿಗಳೂ ಬದಲಾದವು. ಬೆಂಗಳೂರಿನಿಂದ ಮುಂಬಯಿಗೆ ಹೊರಟ ಸಂಸಾರ ಮೀರಜಿನಲ್ಲಿ ಮಕ್ಕಳು, ಟ್ರಂಕುಗಳ ಸಮೇತ ಇಳಿದು, ಸಣ್ಣ ಹಳಿಯ ಗಾಡಿಯಿಂದ ದೊಡ್ಡ ಹಳಿಯ ಗಾಡಿಗೆ ಓಡಬೇಕಾಗಿದ್ದ ಕಾಲವೊಂದಿತ್ತು. ಮಂಗಳೂರಿನವರಿಗಂತೂ ಮುಂಬಯಿಯ ರೈಲು ಪಾಲ್ಘಾಟಿನ ಕಡೆಯಿಂದ ಸುತ್ತಿ ಹೋಗುತ್ತಿತ್ತು. 1992ರಿಂದ ದೇಶದ ಹಳಿಗಳನ್ನು ಒಂದೇ ಅಗಲಕ್ಕೆ ತರುವ ಕೆಲಸ ಬಿರುಸಾಯಿತು. 1998ರಲ್ಲಿ, ದಂಡವತೆಯವರೂ ಮಂಗಳೂರಿನ ಜಾರ್ಜ್ ಫರ್ನಾಂಡಿಸರೂ ಬಹುಕಾಲ ಬೆನ್ನುಹತ್ತಿದ್ದ ಕೊಂಕಣ ರೈಲು ಹಾದಿ ಪೂರ್ತಿಯಾಗಿ ತೆರೆಯಿತು.

ಈಗಿನದು ವಂದೇ ಭಾರತ್ ಯುಗ. 2019ರಲ್ಲಿ ಮೊದಲ ಗಾಡಿ ದೆಹಲಿಯಿಂದ ವಾರಾಣಸಿಗೆ ಹೊರಟಿತು; 2022ರಲ್ಲಿ ಚೆನ್ನೈಯಿಂದ ಬೆಂಗಳೂರಿನ ಮೂಲಕ ಮೈಸೂರಿಗೂ ಬಂದಿತು. ಪೆರಂಬೂರಿನ ಕಾರ್ಖಾನೆಯಲ್ಲಿ ನಮ್ಮವರೇ ರೂಪಿಸಿದ ಈ ಗಾಡಿಯನ್ನು ಮೆಚ್ಚದವರಿಲ್ಲ. ಆದರೆ ಹಳಿ ಎಲ್ಲರಿಗೂ ಒಂದೇ. ವೇಗದ ಗಾಡಿಗೆ ದಾರಿ ಬಿಡಲು ಪ್ಯಾಸೆಂಜರ್ ಗಾಡಿ ಸಣ್ಣ ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾದು ನಿಲ್ಲುತ್ತದೆ. ಹಲವು ಗಾಡಿಗಳಲ್ಲಿ ಸ್ಲೀಪರ್ ಬೋಗಿಗಳು ಕಡಮೆಯಾಗಿ ಹವಾನಿಯಂತ್ರಿತ ಬೋಗಿಗಳು ಹೆಚ್ಚಿವೆ. ರೈಲ್ವೆಗೂ ತನ್ನ ಕಷ್ಟವಿದೆ: ಪ್ರಯಾಣದ ದರ ವೆಚ್ಚಕ್ಕೆ ಸಾಲದೆ, ಸರಕು ಸಾಗಣೆಯ ಆದಾಯದಿಂದ ಕೊರತೆಯನ್ನು ತುಂಬಬೇಕಾಗಿದೆ. ಆದರೂ ಜನರಲ್ ಬೋಗಿಯ ಬಾಗಿಲಲ್ಲಿ ಕಾಲೂರಲು ತಾವಿಲ್ಲದೆ ನಿಂತವನಿಗೆ ಈ ಲೆಕ್ಕ ಸಮಾಧಾನ ತರಲಾರದು.

ಹಾಗೆ ನಿಂತವನ ನೆನಪು ಅಧಿಕಾರಿಗಳಿಗೆ ಇಲ್ಲವೇ ಇಲ್ಲವೆನ್ನುವಂತಿಲ್ಲ. 2023ರ ಡಿಸೆಂಬರಿನಲ್ಲಿ ಅಮೃತ್ ಭಾರತ್ ಎಂಬ ಹೊಸ ಬಗೆಯ ಗಾಡಿಗಳು ಎರಡು ಹೊರಟವು. ಹವಾನಿಯಂತ್ರಣವಿಲ್ಲ, ಹಿಂದೊಂದು, ಮುಂದೊಂದು ಎಂಜಿನ್ನು, ನಡುವೆ ಸ್ಲೀಪರ್ ಮತ್ತು ಜನರಲ್ ಬೋಗಿಗಳು. ಅವುಗಳಲ್ಲೊಂದು ಬಂಗಾಳದ ಮಾಲ್ದಾದಿಂದ ಬೆಂಗಳೂರಿಗೆ ಬರುತ್ತದೆ. ನಗರದ ಮನೆ ಕಟ್ಟಲು, ಹೋಟೆಲಿನಲ್ಲಿ ದುಡಿಯಲು ಬರುವ ಜನಕ್ಕೆ ಇಂಥ ಗಾಡಿಗಳು ಇನ್ನೂ ಎಷ್ಟೋ ಬೇಕು.

ಹೊಸ ಗಾಡಿಗೆ ಹಾರ ಹಾಕುವ ದಿನ ಚಿತ್ರ ತೆಗೆಯುವವರೆಲ್ಲ ಎಂಜಿನ್ನಿನ ಮುಂದೆ ನೆರೆಯುವುದು ವಾಡಿಕೆ. ಅವರಲ್ಲೊಬ್ಬರು ಹಿಂದಕ್ಕೆ ನಡೆದು ಹೋಗಿ ಕೊನೆಯ ಬೋಗಿಯನ್ನೂ ಇಣುಕಿ ನೋಡಲಿ. ಅಲ್ಲಿ ಅಜ್ಜಿಯೊಬ್ಬಳಿಗೆ ಕಾಲು ಚಾಚಲು ಜಾಗವಿದ್ದರೆ, ಆ ಹಾರ ಸಾರ್ಥಕ.