ಒಲೆಯ ಹೊಗೆ

ಹಳ್ಳಿಯ ಮನೆಯ ಮಾಡಿನಿಂದ ಬೆಳಗಿನ ಹೊತ್ತು ಮೇಲೇಳುವ ಹೊಗೆಯು ಬಹುಕಾಲದಿಂದ ಶುಭಸೂಚಕವೆನಿಸಿಕೊಂಡಿದೆ. ಒಲೆ ಉರಿಯುವ ಮನೆಯಲ್ಲಿ ಅನ್ನವುಂಟು, ಅತಿಥಿಗೆ ಎಡೆಯುಂಟು ಎಂಬುದು ಅದರ ಅರ್ಥ. ಆದರೆ ದೂರದಿಂದ ಸೊಗಸಾಗಿ ಕಾಣುವ ಈ ಹೊಗೆಯನ್ನು ಹತ್ತಿರದಲ್ಲಿ ಕುಳಿತು ಉಸಿರಾಡುವವರು ಯಾರು? ಊದುಗೊಳವೆ ಹಿಡಿದು, ಕಣ್ಣೊರೆಸಿಕೊಳ್ಳುತ್ತ, ಹಸಿ ಸೌದೆಯೊಡನೆ ಹೆಣಗುವ ಗೃಹಿಣಿಯೇ ಅಲ್ಲವೆ?

ಸೌದೆ, ಬೆರಣಿ, ಕಸಕಡ್ಡಿಗಳು ಪೂರ್ಣವಾಗಿ ದಹಿಸದಿದ್ದಾಗ ಹೊಗೆಯುಂಟಾಗುತ್ತದೆ. ಅದರಲ್ಲಿ ವಿಷಾನಿಲಗಳಲ್ಲದೆ ಅತಿಸೂಕ್ಷ್ಮ ಕಣಗಳೂ ಇರುತ್ತವೆ. ಇವುಗಳ ವ್ಯಾಸವು 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಮೆ. ಎಂದರೆ ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತರಲ್ಲೊಂದು ಪಾಲು. ದಪ್ಪ ಧೂಳನ್ನು ಮೂಗಿನ ರೋಮಗಳೂ ಶ್ವಾಸನಾಳದ ಲೋಳೆಯೂ ತಡೆಯುತ್ತವೆ. ಸೂಕ್ಷ್ಮ ಕಣಗಳಾದರೋ ಈ ಕಾವಲನ್ನು ದಾಟಿ ಶ್ವಾಸಕೋಶದ ವಾಯುಕೋಶಗಳನ್ನು ಸೇರುತ್ತವೆ. ಅಲ್ಲಿ ದಿನದಿನವೂ ಉರಿಯೂತವುಂಟಾಗಿ, ಕ್ರಮೇಣ ಶ್ವಾಸನಾಳಗಳು ಸಂಕುಚಿತಗೊಳ್ಳುತ್ತವೆ; ವಾಯುಕೋಶಗಳ ಗೋಡೆಗಳು ಶಿಥಿಲವಾಗುತ್ತವೆ. ಬಿಡದ ಕೆಮ್ಮು, ಕಫ, ಉಬ್ಬಸಗಳು ಇದರ ಲಕ್ಷಣಗಳು. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎಂದು ಕರೆಯುತ್ತಾರೆ. ಔಷಧಿಯು ಬಾಧೆಯನ್ನು ತಗ್ಗಿಸಬಲ್ಲದೇ ಹೊರತು, ಒಮ್ಮೆ ನಾಶವಾದ ವಾಯುಕೋಶಗಳನ್ನು ಮರಳಿ ಕೊಡಲಾರದು.

ಈ ರೋಗವು ಬೀಡಿ ಸಿಗರೇಟು ಸೇದುವವರಿಗಷ್ಟೇ ಬರುತ್ತದೆಂಬ ನಂಬಿಕೆ ಸರಿಯಲ್ಲ. ಪ್ರಸಿದ್ಧ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿಯವರು 1950ರ ದಶಕದಲ್ಲಿ ದೆಹಲಿಯಲ್ಲಿ, ಶ್ವಾಸಕೋಶದ ದೀರ್ಘವ್ಯಾಧಿಯಿಂದ ಹೃದಯವು ಸೋಲುವ ರೋಗವನ್ನು ಅಭ್ಯಸಿಸಿದರು. ಧೂಮಪಾನದ ಅಭ್ಯಾಸ ವಿರಳವಾಗಿದ್ದ ಸ್ತ್ರೀಯರಲ್ಲಿಯೂ ಆ ರೋಗ ಹೇರಳವಾಗಿದ್ದುದನ್ನು ಕಂಡು, ಅಡುಗೆಯ ಹೊಗೆಯತ್ತ ಅವರು ಬೆರಳು ತೋರಿದರು. ಒಂದು ಘನಮೀಟರ್ ಗಾಳಿಯಲ್ಲಿ ಸೂಕ್ಷ್ಮ ಕಣಗಳ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಲಹೆಯಿತ್ತಿತು. ಭಾರತವು 2009ರಲ್ಲಿ ಗೊತ್ತುಪಡಿಸಿದ ಮಿತಿ 60. ಹೊಗೆಗಂಡಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಉರಿಯುವಾಗ ಈ ಪ್ರಮಾಣವು ಹಲವು ನೂರಕ್ಕೆ ಏರುತ್ತದೆ.

“ಹಿರಿಯರು ಇದೇ ಹೊಗೆಯಲ್ಲಿ ಬಾಳಲಿಲ್ಲವೆ?” ಎಂದು ಕೆಲವರು ಕೇಳುವುದುಂಟು. ಬಾಳಿದರು, ನಿಜ. ಆದರೆ ಅಜ್ಜಿಯ ಏದುಸಿರಿಗೆ ಮುಪ್ಪೇ ಕಾರಣವೆಂದು ಮನೆಮಂದಿ ಸುಮ್ಮನಾದುದೂ ಅಷ್ಟೇ ನಿಜ. ಅಭ್ಯಾಸವಾದ ಮಾತ್ರಕ್ಕೆ ವಿಷವು ಅಮೃತವಾಗುವುದಿಲ್ಲ.

ಪರಿಹಾರದ ಪ್ರಯತ್ನಗಳು ನಡೆಯದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಕಡಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ‘ಅಸ್ತ್ರ ಒಲೆ’ಯನ್ನು ರೂಪಿಸಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯು ಬಡಕುಟುಂಬಗಳ ಕೋಟ್ಯಂತರ ಮಹಿಳೆಯರಿಗೆ ಅನಿಲ ಸಂಪರ್ಕವನ್ನು ಒದಗಿಸಿದೆ. ಆದರೆ ಕೊಳವೆಯ ಮಸಿ ತೆಗೆಯದಿದ್ದರೆ ಒಲೆಯ ಹೊಗೆ ಮತ್ತೆ ಒಳಗೇ ತುಂಬುತ್ತದೆ. ಬರಿದಾದ ಸಿಲಿಂಡರನ್ನು ತುಂಬಿಸಲು ಹಣವಿಲ್ಲದಿದ್ದರೆ ಗೃಹಿಣಿಯು ಪುನಃ ಸೌದೆಯತ್ತ ತಿರುಗುತ್ತಾಳೆ. ಒಲೆಯನ್ನು ಕೊಟ್ಟ ಮಾತ್ರಕ್ಕೆ ಕರ್ತವ್ಯವು ಮುಗಿಯದು. ಶುದ್ಧ ಇಂಧನವು ಬಡವರ ಕೈಗೆ ಎಟುಕುವಂತಿರಬೇಕು.

ಇದು ಸರ್ಕಾರದ ಹೊಣೆ ಮಾತ್ರವಲ್ಲ, ಮನೆಯ ನ್ಯಾಯದ ಪ್ರಶ್ನೆಯೂ ಹೌದು. ಬಹಳಷ್ಟು ಮನೆಗಳಲ್ಲಿ ಹಣದ ವಿನಿಯೋಗವನ್ನು ನಿರ್ಧರಿಸುವವನು ಹೊಗೆಯಲ್ಲಿ ಕುಳಿತುಕೊಳ್ಳುವುದಿಲ್ಲ. ಹೊಗೆಯಲ್ಲಿ ಕುಳಿತವಳ ಮಾತನ್ನು ಕೇಳುವವರಿಲ್ಲ. ಅವಳ ಮಡಿಲಲ್ಲಿರುವ ಕೂಸೂ ಅದೇ ಗಾಳಿಯನ್ನು ಸೇವಿಸುತ್ತದೆ. ಹಬ್ಬಕ್ಕೆ, ಮದುವೆಗೆ ಸಾಲ ಮಾಡಿಯಾದರೂ ಖರ್ಚು ಮಾಡುವ ಕುಟುಂಬವು, ಅಡುಗೆಮನೆಗೊಂದು ಕಿಟಕಿಯಿಡಲು ಹಿಂದೆಮುಂದೆ ನೋಡುವುದು ಉಚಿತವೆ? ಎಲ್ಲರಿಗೂ ಅನ್ನವಿಕ್ಕುವವಳಿಗೆ ಶುದ್ಧವಾದ ಉಸಿರನ್ನು ಕೊಡುವುದು ಉಪಕಾರವಲ್ಲ. ಅದು ಉಂಡವರೆಲ್ಲರೂ ತೀರಿಸಬೇಕಾದ ಋಣ.