ಹಿಂದಿನ ಡ್ರಮ್ ಬಿಚ್ಚಿ ನೋಡಿದ್ರಾ?

"ಬ್ರೇಕ್ ಫೇಲ್ ಆಗಿ ಪಿಕಪ್ ಪಲ್ಟಿ." ಪೇಪರಿನಲ್ಲಿ ಆಗಾಗ ಕಣ್ಣಿಗೆ ಬೀಳುವ ಸಾಲು ಇದು. ಇದಕ್ಕೊಬ್ಬ ಅಣ್ಣನೂ ಇದ್ದಾನೆ - "ಚಾಲಕನ ನಿಯಂತ್ರಣ ತಪ್ಪಿ". ಓದಿದರೆ ಬ್ರೇಕು ಅನ್ನೋದು ಸಿಡಿಲಿನ ಥರ ಎಲ್ಲಿಂದಲೋ ಬಂದು ಬಡಿದುಹೋಯಿತು ಅನ್ನಿಸಬೇಕು. ನನಗೆ ಈ "ಬ್ರೇಕ್ ಫೇಲ್" ಅನ್ನೋ ಪದದ ಮೇಲೆ ತುಂಬಾ ದಿನದಿಂದ ಸಿಟ್ಟಿದೆ. ಇವತ್ತು ಅದನ್ನ ಇಲ್ಲಿ ತೀರಿಸಿಕೊಳ್ತೀನಿ. ಕವಿತೆ, ಪ್ರವಾಸ ಕಥನ ಓದೋಕೆ ಬಂದವರು ಕ್ಷಮಿಸಬೇಕು, ಇವತ್ತು ಪೂರ್ತಿ ಗ್ರೀಸು, ಧೂಳು :-)

ಪೈಪು ಒಡೆಯೋದು, ಮಾಸ್ಟರ್ ಸಿಲಿಂಡರ್ ಕೈಕೊಡೋದು ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಈಗಿನ ಗಾಡಿಗಳ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಕೋಣೆ ಇರುತ್ತೆ. ಒಂದು ಸಾಲು ಸೋರಿ ಖಾಲಿಯಾದರೂ ಇನ್ನೊಂದು ಸಾಲಿನ ಚಕ್ರಗಳು ಹಿಡೀಬೇಕು. ಹಾಗಿದ್ದೂ ಗಾಡಿ ನಿಲ್ಲಲಿಲ್ಲ ಅಂದರೆ ಬಹುಪಾಲು ಸಂದರ್ಭದಲ್ಲಿ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಹೇಳುತ್ತಾ ಬಂದು, ಕೊನೆಗೆ ಸುಮ್ಮನಾದ ಬ್ರೇಕು. ಅದು ಹೇಳಿದ್ದು ಹಿಂದಿನ ಎರಡು ಚಕ್ರದಿಂದ. ಮುಂದಿನ ಡಿಸ್ಕು ಕಣ್ಣಿಗೆ ಕಾಣುತ್ತೆ, ಚಕ್ರದ ಸಂದಿಯಲ್ಲಿ ಬಗ್ಗಿ ನೋಡಿದರೆ ಪ್ಯಾಡ್ ಎಷ್ಟು ಉಳಿದಿದೆ ಗೊತ್ತಾಗುತ್ತೆ. ಹಿಂದಿನದು ಮುಚ್ಚಿದ ಡ್ರಮ್ಮು. ಒಳಗೇನಾಗ್ತಿದೆ ಅಂತ ಬಿಚ್ಚಿದವನಿಗೇ ಗೊತ್ತು.

ನಮ್ಮ ಮಾವನ ಹತ್ರ ಪಿಕಪ್ ಇದೆ. ಹಾಸನದ ಕಡೆಯಿಂದ ಘಟ್ಟ ಇಳಿದು ಮಂಗಳೂರಿಗೆ ತರಕಾರಿ ಹೊಡೀತಾರೆ. ಒಮ್ಮೆ ಕೇಳಿದೆ, "ಮಾವ, ಹಿಂದಿನ ಡ್ರಮ್ ಬಿಚ್ಚಿಸಿದ್ದು ಯಾವಾಗ?" ಅಂತ. "ಶಬ್ದ ಬಂದಿಲ್ವಲ್ಲೋ!" ಅಂದರು. ಶಬ್ದ ಬಂದಿಲ್ಲ, ಆದ್ದರಿಂದ ಬಿಚ್ಚಿಲ್ಲ. ಇದು ನಮ್ಮ ಮಾವ ಒಬ್ಬರ ಮಾತಲ್ಲ, ರಸ್ತೆ ಮೇಲಿರೋ ಅರ್ಧ ಪಿಕಪ್‌ಗಳ ಮೇಂಟೆನೆನ್ಸ್ ಪಾಲಿಸಿ ಇದೇ ಅಂತ ನನ್ನ ಗುಮಾನಿ. ಆ ಶಬ್ದ ಯಾವುದು ಗೊತ್ತಾ? ಲೈನರ್ ಪೂರ್ತಿ ಸವೆದು, ಅದನ್ನ ಶೂಗೆ ಹಿಡಿದಿಟ್ಟ ರಿವೆಟ್ ತಲೆಗಳು ಡ್ರಮ್ಮಿಗೆ ಉಜ್ಜೋ ಶಬ್ದ. ಅಂದರೆ ಮನೆಗೆ ಬೆಂಕಿ ಬಿದ್ದು ಚಾವಣಿ ಕುಸಿಯುವಾಗ ಬರೋ ಶಬ್ದ. ರಿವೆಟ್ ತಲೆಗಿಂತ ಮೇಲೆ ಸುಮಾರು 1 ಮಿ.ಮೀ. ಲೈನರ್ ಉಳಿದಾಗಲೇ ಶೂ ಬದಲಾಯಿಸಬೇಕು ಅನ್ನೋದು ಸಾಮಾನ್ಯ ಲೆಕ್ಕ (ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದನ್ನೇ ಕೇಳಿ).

"ಡ್ರಮ್ಮೇ ಹಳೇ ಕಾಲದ್ದು ಕಣ್ರೀ, ಹಿಂದೂ ಡಿಸ್ಕ್ ಹಾಕ್ಬೇಕು" ಅನ್ನೋ ಮಿತ್ರರಿಗೆ ನನ್ನ ತಕರಾರಿದೆ. ಹಳೇದು ಹೌದು. ಫ್ರಾನ್ಸಿನ ಲೂಯಿ ರೆನೋ ಇದನ್ನ ಈಗಿನ ರೂಪಕ್ಕೆ ತಂದದ್ದು 1902ರಲ್ಲಿ. ಆದರೆ ಅದರ ಒಳಗಿನ ಉಪಾಯ ನೋಡಿ. ಬಾಗಿಲು ಮುಚ್ಚದಿರಲಿ ಅಂತ ಕೆಳಗೆ ಒಂದು ಬೆಣೆ ಇಡ್ತೀವಲ್ಲ, ಬಾಗಿಲು ಎಷ್ಟು ತಳ್ಳುತ್ತೋ ಬೆಣೆ ಅಷ್ಟೇ ಬಿಗಿಯಾಗುತ್ತೆ. ಡ್ರಮ್ಮಿನ ಮುಂದಿನ ಶೂ ಹಾಗೇ. ಚಕ್ರ ತಿರುಗೋ ರಭಸವೇ ಅದನ್ನ ಇನ್ನಷ್ಟು ಒಳಕ್ಕೆ ಎಳೆದು ಕಚ್ಚಿಸುತ್ತೆ. ಕಡಿಮೆ ಕಾಲಬಲಕ್ಕೆ ಹೆಚ್ಚು ಹಿಡಿತ. ಕೆಸರು, ಮರಳು ಸುಲಭಕ್ಕೆ ಒಳಗೆ ಬರೋಲ್ಲ, ಹ್ಯಾಂಡ್‌ಬ್ರೇಕ್ ಒಂದು ಕೇಬಲ್ಲು ಒಂದು ಸನ್ನೆಯಲ್ಲಿ ಮುಗಿಯುತ್ತೆ, ಲೈನರ್ ತುಂಬಾ ಬಾಳಿಕೆ ಬರುತ್ತೆ. ಪಿಕಪ್ಪಿನ ಹಿಂಬದಿಗೆ ಇದು ಸರಿಯಾದ ಆಯ್ಕೆ ಅಂತಲೇ ನನ್ನ ವಾದ. ತೊಂದರೆ ಇರೋದು ಅದರ ಸ್ವಭಾವ ಗೊತ್ತಿಲ್ಲದೆ ಓಡಿಸೋದರಲ್ಲಿ.

ಸ್ವಭಾವ ಅಂದರೆ ಮುಖ್ಯವಾಗಿ ಬಿಸಿ. ಗಾಡಿ, ಲೋಡು ಸೇರಿ 3000 ಕೆ.ಜಿ. ಅಂದುಕೊಳ್ಳಿ, 500 ಮೀಟರ್ ಎತ್ತರದಿಂದ ಇಳೀತಿದೆ. ಅಷ್ಟೂ ಶಕ್ತಿ ಬ್ರೇಕಿಗೇ ಹೋದರೆ ಸುಮಾರು 45 ಲೀಟರ್ ತಣ್ಣೀರು, ಅಂದರೆ ಮೂರು ಬಕೆಟ್, ಕುದಿಯೋ ಹದಕ್ಕೆ ಬರುತ್ತೆ. ಎಂಜಿನ್ನು ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲು ಎಂಜಿನ್ನೇ ನುಂಗುತ್ತೆ. "ಡೀಸೆಲ್ ಉಳಿಯುತ್ತೆ" ಅಂತ ನ್ಯೂಟ್ರಲ್‌ಗೆ ಹಾಕಿ ಚಾರ್ಮಾಡಿ ಇಳಿಯೋ ಮಹಾನುಭಾವರ ಮೂರು ಬಕೆಟ್ಟೂ ಬ್ರೇಕಿಗೇ. (ಈಗಿನ ಇಂಜೆಕ್ಷನ್ ಎಂಜಿನ್ನು ಗೇರಿನಲ್ಲಿ ಇಳಿಯುವಾಗ ಡೀಸೆಲ್ ಬಿಡೋದನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಆರಿಹೋಗದಿರಲಿ ಅಂತ ಕುಡೀತಾನೇ ಇರುತ್ತೆ. ಉಳಿತಾಯವೂ ಇಲ್ಲ!) ಬಿಸಿಯಾದ ಡ್ರಮ್ಮು ಹಿಗ್ಗುತ್ತೆ, ಹಿಗ್ಗಿದರೆ ಶೂನಿಂದ ದೂರ ಹೋಗುತ್ತೆ, ಪೆಡಲ್ ಇನ್ನೂ ಕೆಳಗೆ ಹೋಗುತ್ತೆ. ಡಿಸ್ಕಿನಲ್ಲಿ ಇದು ಉಲ್ಟಾ, ಅದು ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತೆ. ಜೊತೆಗೆ ಲೈನರ್ ಕಾದಾಗ ಅದರ ಉಜ್ಜುಬಲವೇ ಕಡಿಮೆಯಾಗುತ್ತೆ, ಮತ್ತು ಬೆಣೆಯ ಉಪಾಯದಿಂದಾಗಿ ಆ ಸಣ್ಣ ಇಳಿಕೆ ಹಿಡಿತದಲ್ಲಿ ದೊಡ್ಡ ಇಳಿಕೆಯಾಗಿ ಕಾಣುತ್ತೆ.

ಇನ್ನು ನಾವೆಲ್ಲಾ "ಬ್ರೇಕ್ ಆಯಿಲ್" ಅಂತ ಕರೆಯೋ ದ್ರವ. ಈ ಹೆಸರೇ ಅರ್ಧ ಅನಾಹುತಕ್ಕೆ ಕಾರಣ. ಅದು ಆಯಿಲ್ಲೇ ಅಲ್ಲ, ಗ್ಲೈಕಾಲ್ ಜಾತಿಯದು. ಆಯಿಲ್ ತಾನೇ ಅಂತ ಎಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ಸುರಿದರೆ ಒಳಗಿನ ರಬ್ಬರ್ ಕಪ್ಪುಗಳೆಲ್ಲಾ ಊದಿಕೊಂಡು ಇಡೀ ವ್ಯವಸ್ಥೆ ಹಾಳು. ಎರಡನೆಯದು, ಇದು ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 3 ಅಂತ ಬರೋದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4 ಆದರೆ 230, 155. ಘಾಟಿಯಲ್ಲಿ ಕಾದ ಡ್ರಮ್ಮಿನ ಬಿಸಿ ಚಕ್ರದ ಸಿಲಿಂಡರಿಗೆ ಇಳಿದು ಒಳಗೆ ಆವಿ ಎದ್ದರೆ ಮುಗೀತು, ಪೆಡಲ್ ಒತ್ತಿದ್ದೆಲ್ಲಾ ಆವಿಯನ್ನ ಹಿಂಡೋಕೆ ಖರ್ಚು. ತಮಾಷೆ ಅಂದರೆ (ತಮಾಷೆ ಅನ್ನಬಾರದು) ತಣ್ಣಗಾದ ಮೇಲೆ ಆವಿ ಮತ್ತೆ ದ್ರವ. ಮರುದಿನ ಯಾರಾದರೂ ಪೆಡಲ್ ಒತ್ತಿ ನೋಡಿದರೆ "ಬ್ರೇಕ್ ಚೆನ್ನಾಗೇ ಇದೆಯಲ್ಲ, ಡ್ರೈವರ್ ಕುಡಿದಿರಬೇಕು" ಅಂತಾರೆ. ಎರಡು ವರ್ಷಕ್ಕೊಮ್ಮೆ ಈ ದ್ರವ ಪೂರ್ತಿ ಬದಲಾಯಿಸಿದವರು ನಿಮಗೆ ಎಷ್ಟು ಜನ ಗೊತ್ತು?

ಬಿಚ್ಚುವ ಮೊದಲೇ ಕಾಲು ಎಷ್ಟೋ ಹೇಳುತ್ತೆ. ಪೆಡಲ್ ತುಂಬಾ ಕೆಳಗೆ ಹೋಗಿ, ಎರಡು ಸಲ ಬೇಗ ಬೇಗ ಒತ್ತಿದರೆ ಮೇಲೆ ಬರುತ್ತಾ? ಶೂ ಮತ್ತು ಡ್ರಮ್ಮಿನ ನಡುವೆ ಸಂದಿ ಜಾಸ್ತಿಯಾಗಿದೆ. ಸ್ಪಂಜಿನ ಥರ ಮೆತ್ತಗಿದೆಯಾ? ಏರ್ ಸೇರಿದೆ. ಒತ್ತಿ ಹಿಡಿದರೆ ನಿಧಾನಕ್ಕೆ ಇಳೀತಾ ಹೋಗುತ್ತಾ? ಎಲ್ಲೋ ಸೋರಿಕೆ, ಹೊರಗೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗೇ. ಕಾಲಿಗೆ ದಡ್ ದಡ್ ಅಂತ ಬಡಿದರೆ ಡ್ರಮ್ಮು ದುಂಡಗಿಲ್ಲ. ಒಂದು ಚಕ್ರ ಮಾತ್ರ ಬೇಗ ಕಚ್ಚಿ ನಿಂತರೆ ಅಥವಾ ಒಂದು ಕಡೆ ಹಿಡಿತವೇ ಇಲ್ಲದಿದ್ದರೆ ಆ ಕಡೆ ಲೈನರಿಗೆ ಏನೋ ತಾಗಿದೆ.

ಈ "ಏನೋ" ಯಾವುದು ಅನ್ನೋದೇ ಮುಖ್ಯ, ಮತ್ತು ಇಲ್ಲೇ ಹೆಚ್ಚಿನವರು ಎಡವೋದು. ಡ್ರಮ್ ಬಿಚ್ಚಿದಾಗ ಒಳಗೆ ಒದ್ದೆ ಇದ್ದರೆ ಬೆರಳಲ್ಲಿ ಮುಟ್ಟಿ ನೋಡಬೇಕು. ತೆಳ್ಳಗೆ, ನೀರಾಗಿದ್ದರೆ ಬ್ರೇಕ್ ದ್ರವ, ಚಕ್ರದ ಸಿಲಿಂಡರಿನ ರಬ್ಬರ್ ಹೋಗಿದೆ. ಮಂದವಾಗಿ, ಗಂಧಕದ ಥರ ಘಾಟು ಹೊಡೆದರೆ ಅದು ಡಿಫರೆನ್ಷಿಯಲ್ಲಿನ ಗೇರ್ ಆಯಿಲ್, ಆಕ್ಸಲ್ ಉದ್ದಕ್ಕೂ ಹರಿದು ಆಯಿಲ್ ಸೀಲ್ ದಾಟಿ ಬಂದಿದೆ. ಆಗ ಸೀಲ್ ಬದಲಾಯಿಸಿ ಕಳಿಸಿಬಿಡ್ತಾರೆ. ಎರಡು ತಿಂಗಳಿಗೆ ಮತ್ತೆ ಅದೇ. ಯಾಕೆ? ಆಕ್ಸಲ್ ಮೇಲೆ ಗಾಳಿಯಾಡೋಕೆ ಒಂದು ಪುಟ್ಟ ಬ್ರೀದರ್ ಇರುತ್ತೆ, ಅದು ಕೆಸರು ತುಂಬಿ ಮುಚ್ಚಿಹೋಗಿದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೋಗೋಕೆ ದಾರಿಯಿಲ್ಲದೆ ಆಯಿಲನ್ನ ಸೀಲಿನಾಚೆ ತಳ್ಳುತ್ತೆ. ಒಂದು ತಂತಿ ಚುಚ್ಚಿ ಬಿಡಿಸೋ ಕೆಲಸ. ಕೋಡಿನಲ್ಲಿ ಎಕ್ಸೆಪ್ಶನ್ ಬಂದ ಕಡೆಯಲ್ಲೇ ತೇಪೆ ಹಾಕಿ ಮೂಲ ಹುಡುಕದೇ ಬಿಡ್ತೀವಲ್ಲ, ಅದೇ ಕಥೆ. ಅಂದಹಾಗೆ ಎಣ್ಣೆ ಕುಡಿದ ಲೈನರನ್ನ ಬೆಂಕಿ ಹಚ್ಚಿ ಸುಟ್ಟೋ ಪೆಟ್ರೋಲಿನಲ್ಲಿ ತೊಳೆದೋ ವಾಪಸ್ ಹಾಕೋದನ್ನ ನೋಡಿದೀನಿ. ಅದು ಎಸೆಯಬೇಕಾದ ವಸ್ತು, ಅದೂ ಎರಡೂ ಕಡೆಯದ್ದು ಒಟ್ಟಿಗೆ.

ನನಗೆ ನಿಜಕ್ಕೂ ಭಯ ಹುಟ್ಟಿಸೋ ವಿಷಯ ಇನ್ನೊಂದಿದೆ, ಅದರ ಬಗ್ಗೆ ಯಾರೂ ಮಾತಾಡೋಲ್ಲ. ಅನೇಕ ಪಿಕಪ್‌ಗಳ ಹಿಂದೆ ಚಾಸಿಗೂ ಆಕ್ಸಲ್‌ಗೂ ನಡುವೆ ಒಂದು ಸರಳು, ಸ್ಪ್ರಿಂಗು, ಅದರ ತುದಿಗೊಂದು ವಾಲ್ವ್ ಇರುತ್ತೆ. ಲೋಡ್ ನೋಡಿಕೊಂಡು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ತೀರ್ಮಾನ ಮಾಡೋ ವಾಲ್ವ್ ಅದು. ಪಿಕಪ್ ಖಾಲಿ ಇದ್ದಾಗ ಹಿಂಬದಿ ಹಗುರ, ಜೋರಾಗಿ ಹಿಡಿದರೆ ಚಕ್ರ ಕಚ್ಚಿ ಗಾಡಿ ಬಾಲ ತಿರುಗಿಸುತ್ತೆ. ಆದ್ದರಿಂದ ಒತ್ತಡ ಕಡಿಮೆ. ಲೋಡ್ ಬಿದ್ದಾಗ ಬಾಡಿ ಕೆಳಗಿಳಿಯುತ್ತೆ, ಸರಳು ತಿರುಗುತ್ತೆ, ವಾಲ್ವ್ ಪೂರ್ತಿ ತೆರೆಯುತ್ತೆ. ಪಾಪ, ಅದಕ್ಕೆ ತೂಕ ಗೊತ್ತಾಗೋಲ್ಲ, ಬಾಡಿ ಎಷ್ಟು ಇಳಿದಿದೆ ಅನ್ನೋದಷ್ಟೇ ಗೊತ್ತಾಗುತ್ತೆ. ಈಗ ನಾವೇನು ಮಾಡ್ತೀವಿ? ಓವರ್‌ಲೋಡ್ ಹೊಡೀಬೇಕು ಅಂತ ಹಿಂದೆ ಎರಡು ಎಕ್ಸ್‌ಟ್ರಾ ಪ್ಲೇಟ್ ಹಾಕಿಸ್ತೀವಿ. ಬಾಡಿ ಇಳಿಯೋದೇ ಇಲ್ಲ. ಎರಡು ಟನ್ ಆಲೂಗಡ್ಡೆ ಹೇರಿದ್ದರೂ ವಾಲ್ವಿನ ಪಾಲಿಗೆ ಗಾಡಿ ಖಾಲಿ! ಕಾರ್ಖಾನೆ ಹೇಳಿದ್ದಕ್ಕಿಂತ ಹೆಚ್ಚು ತೂಕ ಹೊತ್ತಾಗಲೇ ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ. ಉಳಿದ ಭಾರವೆಲ್ಲಾ ಮುಂದಿನ ಡಿಸ್ಕಿನ ಮೇಲೆ, ಅದು ಕಾದು ಕೆಂಪಾಗುತ್ತೆ. ಆಮೇಲೆ ಪೇಪರಿನಲ್ಲಿ "ಬ್ರೇಕ್ ಫೇಲ್". ಪ್ಲೇಟ್ ಹಾಕಿಸಿದ್ದಕ್ಕೂ ಬ್ರೇಕಿಗೂ ಸಂಬಂಧ ಇದೆ ಅಂತ ಪ್ಲೇಟ್ ಹಾಕೋನಿಗೂ ಗೊತ್ತಿರೋಲ್ಲ, ಹಾಕಿಸಿಕೊಳ್ಳೋನಿಗೂ ಗೊತ್ತಿರೋಲ್ಲ. ಇದೇ ವಾಲ್ವಿನ ಕಾರಣಕ್ಕೆ ಏರ್ ತೆಗೆಯುವಾಗಲೂ ಹಿಂಬದಿಯನ್ನ ಜ್ಯಾಕಿನ ಮೇಲೆ ನೇತುಹಾಕಿ ತೆಗೀಬಾರದು, ಚಕ್ರದ ಮೇಲೆ ಭಾರ ಇರಬೇಕು. ಇಲ್ಲದಿದ್ದರೆ ವಾಲ್ವ್ ದಾರಿ ಬಿಗಿ ಹಿಡಿದು ಏರ್ ಅಲ್ಲೇ ಉಳಿಯುತ್ತೆ.

ಮೆಕ್ಯಾನಿಕ್ಕುಗಳನ್ನ ಬೈಯೋದು ಸುಲಭ, ಆದರೆ ಅರ್ಧ ಗಂಟೆಯಲ್ಲಿ ಗಾಡಿ ಕೊಡು ಅಂತ ತಲೆ ಮೇಲೆ ನಿಲ್ಲೋರು ನಾವೇ. ಕಂತು ಕಟ್ಟಬೇಕಾದ ಗಾಡಿ ಅರ್ಧ ದಿನ ನಿಂತರೆ ಬಾಡಿಗೆ ಹೋಯಿತು ಅನ್ನೋ ಸಂಕಟ ನನಗೆ ಅರ್ಥವಾಗುತ್ತೆ. ಆ ಅವಸರದಲ್ಲೇ ಎಲ್ಲಾ ಶಾರ್ಟ್‌ಕಟ್‌ಗಳು ಹುಟ್ಟೋದು. ಲೈನರಿಗೆ ಎಮರಿ ಪೇಪರ್ ಉಜ್ಜಿ ಹಾಕೋದು (ಕೀರಲು ನಾಲ್ಕು ದಿನ ನಿಲ್ಲುತ್ತೆ). ಶೂ ಸಂದಿ ಸರಿ ಮಾಡದೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿದು "ನೋಡಿ ಸಾರ್, ಟೈಟ್ ಆಯ್ತು" ಅನ್ನೋದು. ಹೀಗೆ ಬಿಗಿದರೆ ಶೂ ತನ್ನ ಜಾಗಕ್ಕೆ ವಾಪಸ್ ಹೋಗೋಲ್ಲ, ಆಟೋ ಅಡ್ಜಸ್ಟರ್ ಕೆಲಸ ಮಾಡೋಲ್ಲ, ಡ್ರಮ್ಮು ಸುಮ್ಮನೆ ಉಜ್ಜಿ ಉಜ್ಜಿ ಕಾಯುತ್ತೆ. ಮೊದಲು ಶೂ, ಆಮೇಲೆ ಕೇಬಲ್. ಡ್ರಮ್ಮನ್ನ ಲೇತಿಗೆ ಕೊಟ್ಟು ಕೊರೆಸಿ ಕೊರೆಸಿ ತೆಳ್ಳಗೆ ಮಾಡೋದು ಇನ್ನೊಂದು. ಗರಿಷ್ಠ ಒಳವ್ಯಾಸ ಎಷ್ಟು ಅಂತ ಹೆಚ್ಚಿನ ಡ್ರಮ್ಮಿನ ಮೇಲೇ ಎರಕ ಹೊಯ್ದಿರುತ್ತೆ, ತುಕ್ಕು ಕೆರೆದು ಓದೋರಿಲ್ಲ ಅಷ್ಟೇ.

ಚೆನ್ನಾಗಿ ಮಾಡೋ ಮೆಕ್ಯಾನಿಕ್ಕನ್ನ ಗುರುತಿಸೋಕೆ ನನ್ನದೊಂದು ಪರೀಕ್ಷೆ ಇದೆ. ಆತ ಎರಡೂ ಕಡೆ ಒಟ್ಟಿಗೆ ಬಿಚ್ಚಿ ಹರಡೋಲ್ಲ. ಒಂದು ಕಡೆ ಮುಗಿಸಿ ಆಮೇಲೆ ಇನ್ನೊಂದು, ಯಾವ ಸ್ಪ್ರಿಂಗ್ ಎಲ್ಲಿ ಅಂತ ಅನುಮಾನ ಬಂದರೆ ಬಿಚ್ಚದ ಕಡೆ ನೋಡಬಹುದು. ಇನ್ನೂ ಮುಖ್ಯ ಅಂದರೆ, ಹಲ್ಲುಚಕ್ರದ ಅಡ್ಜಸ್ಟರುಗಳಲ್ಲಿ ಎಡದ್ದಕ್ಕೂ ಬಲದ್ದಕ್ಕೂ ಮರೆ ಉಲ್ಟಾ ಇರುತ್ತೆ. ಅದಲು ಬದಲಾದರೆ ಬ್ರೇಕ್ ಸವೆದಂತೆಲ್ಲಾ ಅಡ್ಜಸ್ಟರು ಸಂದಿ ಮುಚ್ಚೋ ಬದಲು ಇನ್ನಷ್ಟು ಅಗಲ ಮಾಡುತ್ತೆ. ಡ್ರಮ್ಮು ತುಕ್ಕು ಹಿಡಿದು ಕೂತಿದ್ದರೆ ಆತ ಸುತ್ತಿಗೆ ತಗೊಂಡು ಬಡಿಯೋಲ್ಲ. ಅನೇಕ ಡ್ರಮ್‌ಗಳಲ್ಲಿ ಎರಡು ಮರೆ ತೂತು ಇರುತ್ತೆ, ಎರಡು ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ಡ್ರಮ್ಮು ತಾನೇ ಹೊರಗೆ ಬರುತ್ತೆ. ಶೂ ಕೂರೋ ಜಾಗಗಳಿಗೆ ಬಿಸಿ ತಡೆಯೋ ಗ್ರೀಸ್ ಒಂದೊಂದು ಚುಕ್ಕೆ ಹಚ್ಚುತ್ತಾನೆ. ರಬ್ಬರ್ ಭಾಗಕ್ಕೆ ಪೆಟ್ರೋಲ್, ಡೀಸೆಲ್ ತಾಗಿಸೋಲ್ಲ. ಮತ್ತೆ ಆ ಕಪ್ಪು ಧೂಳನ್ನ ಏರ್ ಹೊಡೆದು ಹಾರಿಸೋಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರೋ ವಸ್ತು. ಗ್ಯಾರೇಜಿನಲ್ಲಿ ಏರ್ ಪೈಪು ಹಿಡಿದು ಬುಸ್ ಅಂತ ಹೊಡೆಯೋದು ಸಾಮಾನ್ಯವಾಗಿ ಅಲ್ಲಿನ ಅತಿ ಚಿಕ್ಕ ಹುಡುಗ. ಅವನ ಮೂಗಿಗೆ ಒಂದು ಬಟ್ಟೆಯೂ ಇರೋಲ್ಲ.

ಎಫ್‌ಸಿ ಮಾಡಿಸ್ತಾರಲ್ಲ, ಅಲ್ಲೇ ಗೊತ್ತಾಗಲ್ವಾ ಅಂತ ಕೇಳಬಹುದು. ಸಾಗಣೆ ವಾಹನಕ್ಕೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ದಿನಾ ಘಟ್ಟ ಹತ್ತಿ ಇಳಿಯೋ ಗಾಡಿಗೆ ಎರಡು ವರ್ಷ ಅಂದರೆ ಲೈನರ್ ಒಂದು ಸಲ ಪೂರ್ತಿ ಮುಗಿಯಬಹುದು. ಅದೂ ಅಲ್ಲಿಗೆ ಗಾಡಿ ಹೋಗೋದು ಖಾಲಿಯಾಗಿ, ತಣ್ಣಗೆ.

ಮಾವನ ಗಾಡಿಗೆ ಈಗ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಡ್ರಮ್ ಬಿಚ್ಚಿಸೋದು ಅಂತ ನಾವಿಬ್ಬರೂ ಒಪ್ಪಿಕೊಂಡಿದೀವಿ. ಅದರ ನಡುವೆ ಬ್ಯಾಕ್‌ಪ್ಲೇಟಿನಲ್ಲಿರೋ ರಬ್ಬರ್ ಮುಚ್ಚಳ ತೆಗೆದು ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಲೈನರ್ ನೋಡೋದು ಅವರ ಮಗನ ಕೆಲಸ. ಎಕ್ಸ್‌ಟ್ರಾ ಪ್ಲೇಟ್ ತೆಗೆಸೋ ವಿಷಯದಲ್ಲಿ ಮಾತ್ರ ಜಗಳ ಇನ್ನೂ ನಡೀತಿದೆ. "ನೀನು ಬಂದು ಬಾಡಿಗೆ ಕೊಡ್ತೀಯೇನೋ?" ಅಂತಾರೆ. ನನ್ನ ಹತ್ರ ಉತ್ತರ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಮಾವಂದಿರಿದ್ದರೆ ಅವರನ್ನ ಹೇಗೆ ಒಪ್ಪಿಸಿದಿರಿ, ಕಾಮೆಂಟಿನಲ್ಲಿ ಬರೀರಿ.