ತಾಯಿಗೆ ತಿಳಿಯದ ಡೈರಿ

ಕಳೆದ ಶನಿವಾರ ನಮ್ಮ ಬೀದಿಯಲ್ಲಿ ಹೂ ಮಾರುವ ಅಕ್ಕನ ಜೊತೆ ಅವರ ಮಗನ ಶಾಲೆಗೆ ಹೋಗಿದ್ದೆವು. ಪೇರೆಂಟ್ಸ್ ಮೀಟಿಂಗು! ಶಾಲೆಯ ಹೆಸರು ಬೇಡ, ಬೆಂಗಳೂರಿನಲ್ಲಿ ಇಂಥವು ಗಲ್ಲಿಗೊಂದಿವೆ. ಅಕ್ಕ ಬೆಳಗಿನ ವ್ಯಾಪಾರ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಟೀಚರು ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಅಕ್ಕ ಐದು ನಿಮಿಷವೂ ತಲೆಯಾಡಿಸಿದರು. ಪಕ್ಕದಲ್ಲಿದ್ದ ನಾಲ್ಕನೇ ಕ್ಲಾಸಿನ ಹುಡುಗ, "ಚೆನ್ನಾಗಿ ಓದ್ತೀನಂತೆ ಕಣಮ್ಮ" ಅಂದ.

ಟೀಚರು ಹೇಳಿದ್ದು ಅದಲ್ಲ. ಮೂರು ವಾರದಿಂದ ಹುಡುಗ ಲೆಕ್ಕ ಮಾಡಿಲ್ಲ, ಕ್ಲಾಸಿನಲ್ಲಿ ತೂಕಡಿಸುತ್ತಾನೆ, ಡೈರಿಯಲ್ಲಿ ನಾಲ್ಕು ಸಲ ಬರೆದರೂ ಮನೆಯವರಿಗೆ ಕಾಳಜಿಯಿಲ್ಲ ಎಂದು. ನಾಲ್ಕು ಸಲವೂ ಅಕ್ಕ ರುಜು ಹಾಕಿದ್ದರು. ಏನು ಬರೆದಿದೆ ಎಂದು ಓದಿ ಹೇಳಿದವನು ಮಗನೇ!

ಸ್ವಾರಸ್ಯ ಕೇಳಿ. ಆ ಟೀಚರು ಹಾಸನದವರು! ಗೇಟಿನ ಹೊರಗೆ ಸಿಕ್ಕಾಗ, "ಒಳಗೆ ಕನ್ನಡ ಮಾತಾಡಿದರೆ ಮ್ಯಾನೇಜ್‌ಮೆಂಟಿನವರು ಬೈತಾರೆ ಸಾರ್" ಅಂದರು. ಅಲ್ಲೇ ಮರದ ಕೆಳಗೆ ಇಬ್ಬರು ಹೆಣ್ಣುಮಕ್ಕಳು ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿದರು. ಹುಡುಗ ರಾತ್ರಿ ಹನ್ನೊಂದರವರೆಗೆ ಅಮ್ಮನ ಜೊತೆ ಹೂ ಕಟ್ಟುತ್ತಾನೆ ಎಂಬುದು ಟೀಚರಿಗೆ ಗೊತ್ತಾಗಿದ್ದು ಆಗಲೇ. "ನನಗೆ ಇದು ಮೊದಲೇ ತಿಳಿದಿದ್ದರೆ..." ಎಂದು ಅವರು ಮಾತು ನಿಲ್ಲಿಸಿದರು.

ಗೆಳೆಯರೇ, ಇದು ಬರೀ ಭಾಷಾಭಿಮಾನದ ವಿಷಯವಲ್ಲ. ಮನೆಗೂ ಶಾಲೆಗೂ ನಡುವೆ ಮಗುವೇ ದುಭಾಷಿಯಾದರೆ ಇಬ್ಬರನ್ನೂ ನಂಬಿಸುವುದು ಅದಕ್ಕೆ ಸುಲಭ. ಇಂದು ಲೆಕ್ಕದ ವಿಷಯ ಮುಚ್ಚಿಡುತ್ತದೆ. ನಾಳೆ ಯಾರೋ ಹೊಡೆದದ್ದನ್ನೂ ಮುಚ್ಚಿಟ್ಟೀತು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ, "ಮೀಟಿಂಗಿಗೆ ನೀನು ಬರಬೇಡಮ್ಮ" ಎಂದು ತಾಯಿಗೇ ಹೇಳುತ್ತದೆ. ಹಾಗೆ ಹೇಳಿದವರು ನಮ್ಮ ಓದುಗರಲ್ಲೂ ಇದ್ದೀರಿ, ಸುಳ್ಳೇ?

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಏನು ಹೇಳುತ್ತದೆ? ತಂದೆತಾಯಿಯರ ಸಭೆಯನ್ನು ನಿಯಮಿತವಾಗಿ ನಡೆಸಿ, ಮಗುವಿನ ಹಾಜರಿ, ಕಲಿಕೆ, ಪ್ರಗತಿಯನ್ನು ಅವರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯ. ತಿಳಿಸುವುದು! ತಿಳಿಯದ ಭಾಷೆಯಲ್ಲಿ ಒದರುವುದು ತಿಳಿಸಿದಂತಾಗುತ್ತದೆಯೇ? ಮಕ್ಕಳ ಮೇಲೆ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಪೋಷಕರದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ನೋವು ಬೇರೆ. ಆದರೆ ತಾಯಿಯ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ ಎಂದು ಯಾವ ಕೋರ್ಟೂ ಹೇಳಿಲ್ಲ.

ಹಾಗಂತ ಕನ್ನಡ ಶಾಲೆಗಳೆಲ್ಲ ಸಾಚಾ ಎಂದು ನಾವು ಬೆನ್ನು ತಟ್ಟುವುದಿಲ್ಲ. "ಏನಮ್ಮಾ, ನಿನ್ನ ಮಗನಿಗೆ ಬುದ್ಧಿ ಇಲ್ವಾ?" ಎಂದು ಏಕವಚನದಲ್ಲಿ ಗದರುವ ಮೇಷ್ಟ್ರುಗಳನ್ನೂ ಕಂಡಿದ್ದೇವೆ. 2001ರಿಂದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿಗಳಿವೆ. ತಂದೆತಾಯಿಯರಿಗೇ ಅಲ್ಲಿ ಜಾಗವಿದೆ. ಎಷ್ಟೋ ಕಡೆ ಅದು ರುಜು ಹಾಕಿಸಿಕೊಳ್ಳುವ ಪುಸ್ತಕವಾಗಿದೆ, ಅಷ್ಟೆ. ಅದೇ ಸರ್ಕಾರಿ ಶಾಲೆಯೇ ದಾರಿಯನ್ನೂ ತೋರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂತರು. ಮಗು ಎಲ್ಲಿಯವರೆಗೆ ಕಲಿತಿದೆ ಎಂಬುದು ಚಿತ್ರಗಳ ಏಣಿಯಲ್ಲೇ ಕಾಣುತ್ತದೆ. ಅಕ್ಷರ ಬಾರದ ತಾಯಿಗೂ ಅದನ್ನು ಬೆರಳಿಟ್ಟು ತೋರಿಸಬಹುದು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಡೈರಿ ಕನ್ನಡದಲ್ಲೂ ಬರಲಿ. ಮೀಟಿಂಗು ಕೂಲಿ ಕಳೆಯದ ಹೊತ್ತಿನಲ್ಲಿರಲಿ. ತಾಯಿಯನ್ನು ಬಹುವಚನದಲ್ಲಿ ಮಾತಾಡಿಸಲಿ. ದೂರು ಹೇಳುವ ಮೊದಲು ಮಗುವಿನ ಬಗ್ಗೆ ಒಂದಾದರೂ ಒಳ್ಳೆಯ ಮಾತಿರಲಿ. ತಮಿಳೋ ಉರ್ದುವೋ ಆಡುವ ಬಡ ತಾಯಿ ಬಂದರೆ ಅವರ ಭಾಷೆಯಲ್ಲೂ ನಾಲ್ಕು ಮಾತಾಡಿ, ನಮ್ಮ ತಕರಾರಿಲ್ಲ.

ಕಾಲೇಜಿಗೆ ಹೋಗುವ ತಮ್ಮಂದಿರೇ, ತಂಗಿಯರೇ, ನಿಮ್ಮ ಬೀದಿಯಲ್ಲೂ ಇಂಥ ಒಬ್ಬ ಅಕ್ಕ ಇರುತ್ತಾರೆ. ಮುಂದಿನ ಮೀಟಿಂಗಿಗೆ ಅವರ ಜೊತೆ ಹೋಗಿ ಕೂರಿ. "ಮೇಡಂ, ಕನ್ನಡದಲ್ಲಿ ಹೇಳಿ" ಎಂದು ವಿನಯವಾಗಿ ಕೇಳಿ. ಒಪ್ಪದಿದ್ದರೆ ಶಾಲೆಯ ಹೆಸರು ಸಮೇತ ಬಿಇಒ ಕಚೇರಿಗೆ ದೂರು ಬರೆಯಿರಿ, ನಮಗೊಂದು ಪ್ರತಿ ಕಳಿಸಿ.